ಫೋನಿನಲ್ಲೇ ಇರುವ ಚಿತ್ರವನ್ನು ಮ್ಯೂಸಿಯಂಗೆ ಹೋಗಿ ಯಾಕೆ ನೋಡಬೇಕು?

ವ್ಯಾನ್ ಗೋ ಬಿಡಿಸಿದ ‘ದಿ ಸ್ಟಾರಿ ನೈಟ್’ ಚಿತ್ರವನ್ನು ಒಮ್ಮೆಯೂ ನೋಡದವರು ಈಗ ಸಿಗುವುದು ಕಷ್ಟ. ಮಗ್ ಮೇಲೆ ಇದೆ, ಫೋನ್ ಕವರ್ ಮೇಲೆ ಇದೆ, ಛತ್ರಿ, ಕಾಲುಚೀಲ, ಮೌಸ್ ಪ್ಯಾಡ್ ಎಲ್ಲದರ ಮೇಲೂ ಇದೆ. ಹಾಗಾಗಿ ಪ್ರವಾಸಕ್ಕೋ ಕೆಲಸಕ್ಕೋ ಯಾವುದೋ ದೊಡ್ಡ ನಗರಕ್ಕೆ ಹೋಗಿ, ಅಲ್ಲಿನ ಕಲಾ ಮ್ಯೂಸಿಯಂ ಬಾಗಿಲಲ್ಲಿ ನಿಂತವರಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಇಷ್ಟು ಸಲ ನೋಡಿರುವ ಚಿತ್ರವನ್ನು ಟಿಕೆಟ್ ತೆಗೆದುಕೊಂಡು, ಸಾಲಿನಲ್ಲಿ ನಿಂತು, ಜನರ ತಲೆಗಳ ಮಧ್ಯೆ ಇಣುಕಿ ಮತ್ತೆ ನೋಡಬೇಕಾ? ಮನೆಯಲ್ಲೇ ಕೂತು ಜೂಮ್ ಮಾಡಿದರೆ ಇನ್ನೂ ಚೆನ್ನಾಗಿ ಕಾಣುತ್ತದಲ್ವಾ?

ಪ್ರಶ್ನೆಯಲ್ಲಿ ತಪ್ಪೇನಿಲ್ಲ. ದೊಡ್ಡ ಮ್ಯೂಸಿಯಂಗಳು ತಮ್ಮ ಚಿತ್ರಗಳ ಬಹಳ ಸ್ಪಷ್ಟವಾದ ಫೋಟೊಗಳನ್ನು ತಾವೇ ಇಂಟರ್‌ನೆಟ್ಟಿಗೆ ಹಾಕಿವೆ. ಅಲ್ಲಿನ ಕಾವಲುಗಾರರು ಬಿಡುವುದಕ್ಕಿಂತ ಹತ್ತಿರ ಹೋಗಿ ಒಂದೊಂದು ಬಿರುಕನ್ನೂ ನೋಡಬಹುದು. ಆದರೆ ಚಿತ್ರ ಅನ್ನುವುದು ಒಂದು ವಸ್ತು. ಅದಕ್ಕೆ ಉದ್ದ ಅಗಲ ಇದೆ, ದಪ್ಪ ಇದೆ, ಅಂಚು ಇದೆ, ಬೆನ್ನು ಇದೆ. ಒಂದು ಬಟ್ಟೆಯ ಫೋಟೊ ನೋಡಿ ಬಣ್ಣ, ಡಿಸೈನ್ ತಿಳಿಯಬಹುದು. ಆದರೆ ಅದು ಎಷ್ಟು ಮೆತ್ತಗಿದೆ, ಬೆಳಕಿಗೆ ಹಿಡಿದರೆ ಹೇಗೆ ಮಿನುಗುತ್ತದೆ, ಮೈಗೆ ಇಟ್ಟುಕೊಂಡರೆ ಎಲ್ಲಿಯವರೆಗೆ ಬರುತ್ತದೆ ಅಂತ ಬಟ್ಟೆ ಕೈಗೆ ಬಂದಾಗಲೇ ಗೊತ್ತಾಗುವುದು. ಚಿತ್ರದ ಕಥೆಯೂ ಹೆಚ್ಚುಕಡಿಮೆ ಇದೇ. ಅದರಲ್ಲೂ ಮಾಡರ್ನ್ ಚಿತ್ರಗಳಲ್ಲಿ ಫೋಟೊಗೆ ಸಿಗದ ಭಾಗವೇ ಎಷ್ಟೋ ಸಲ ಮುಖ್ಯ ಭಾಗ.

‘ಮಾಡರ್ನ್’ ಅಂದರೆ ಯಾವಾಗಿನದು?

‘ಮಾಡರ್ನ್ ಆರ್ಟ್’ ಅಂದ ತಕ್ಷಣ ಈಗಿನ ಕಾಲದ್ದು ಅಂತ ಅನ್ನಿಸುತ್ತದೆ. ಆದರೆ ಮ್ಯೂಸಿಯಂಗಳ ಲೆಕ್ಕದಲ್ಲಿ ಅದು ಸುಮಾರು 1860ರ ದಶಕದಿಂದ 1960ರ ದಶಕದವರೆಗಿನ ಕಲೆ. ಅದರ ಮುಂದಿನದಕ್ಕೆ ಸಮಕಾಲೀನ ಕಲೆ ಎನ್ನುತ್ತಾರೆ. ಗೆರೆ ಅಷ್ಟು ಖಚಿತವಲ್ಲ, ಕೆಲವರು ಹತ್ತು ವರ್ಷ ಹಿಂದೆ ಹಾಕುತ್ತಾರೆ, ಕೆಲವರು ಮುಂದೆ.

ಆ ಕಾಲದಲ್ಲೇ ಕಲೆ ಬದಲಾದದ್ದಕ್ಕೆ ಕಾರಣಗಳು ಬಹಳ ಇವೆ. ಇಲ್ಲಿ ಎರಡು ಸಾಕು. 1839ರಲ್ಲಿ ಫೋಟೊ ತೆಗೆಯುವ ವಿಧಾನ ಜಗತ್ತಿಗೆ ಗೊತ್ತಾಯಿತು. ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಕೆಲಸವನ್ನು ನಿಧಾನವಾಗಿ ಕ್ಯಾಮೆರಾ ಕೂಡ ಮಾಡತೊಡಗಿತು. ಹಾಗಾದರೆ ಕ್ಯಾಮೆರಾ ಮಾಡಲಾಗದ್ದನ್ನು ಬ್ರಶ್ ಏನು ಮಾಡಬಹುದು ಅಂತ ಚಿತ್ರಕಾರರು ಯೋಚಿಸಿದರು. ಇನ್ನೊಂದು ಬಹಳ ಸಣ್ಣ ವಸ್ತು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಅನ್ನುವ ಅಮೆರಿಕದ ಚಿತ್ರಕಾರ, ತವರದ ತೆಳು ತಗಡಿನ ಬಣ್ಣದ ಟ್ಯೂಬಿಗೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು, ಒಮ್ಮೆ ಚುಚ್ಚಿದರೆ ಬೇಗ ಒಣಗುತ್ತಿತ್ತು. ಟ್ಯೂಬ್ ಬಂದ ಮೇಲೆ ಹೊಲದಲ್ಲೋ ನದಿ ದಡದಲ್ಲೋ ನಿಂತು, ಬೆಳಕು ಬದಲಾಗುವ ಮೊದಲೇ ಚಿತ್ರ ಬಿಡಿಸುವುದು ಸುಲಭವಾಯಿತು. ಫ್ರೆಂಚ್ ಚಿತ್ರಕಾರ ಕ್ಲಾಡ್ ಮೊನೆ ಮತ್ತು ಅವನ ಗೆಳೆಯರು ಮಾಡಿದ್ದು ಇದನ್ನೇ. 1874ರಲ್ಲಿ ಪ್ಯಾರಿಸ್‌ನಲ್ಲಿ ಅವರ ಮೊದಲ ಪ್ರದರ್ಶನ ನಡೆಯಿತು.

ಇವರ ಕಾಲದಿಂದ ಬಣ್ಣವನ್ನು ಬಚ್ಚಿಡುವ ಅಭ್ಯಾಸ ಕಡಿಮೆಯಾಯಿತು. ಹಳೆಯ ಕಾಲದ ಎಷ್ಟೋ ಚಿತ್ರಕಾರರು ಬ್ರಶ್ಶಿನ ಗುರುತೇ ಕಾಣದಂತೆ ನುಣ್ಣಗೆ ಮಾಡುತ್ತಿದ್ದರು. ಮಾಡರ್ನ್ ಚಿತ್ರಕಾರರು ‘ಇದು ಬಣ್ಣ, ಇದನ್ನು ನಾನು ಹಚ್ಚಿದ್ದೇನೆ, ನೋಡಿ’ ಅಂತ ಎದುರಿಗೇ ಇಟ್ಟರು. ಅದಕ್ಕೇ ಇವುಗಳ ಎದುರು ನಿಂತು ನೋಡುವುದಕ್ಕೆ ಇಷ್ಟು ಬೆಲೆ.

ಅಳತೆ: ಮೊದಲ ಆಶ್ಚರ್ಯ ಇಲ್ಲೇ

ಫೋನಿನಲ್ಲಿ ಎಲ್ಲಾ ಚಿತ್ರಗಳೂ ಒಂದೇ ಅಳತೆ, ಫೋನಿನಷ್ಟು. ಮ್ಯೂಸಿಯಂನಲ್ಲಿ ಮೊದಲು ತಲೆಕೆಳಗಾಗುವುದೇ ಈ ಲೆಕ್ಕ.

ಸಾಲ್ವಡಾರ್ ಡಾಲಿಯ ‘ದಿ ಪರ್ಸಿಸ್ಟೆನ್ಸ್ ಆಫ್ ಮೆಮೊರಿ’ ಗೊತ್ತಿರಬಹುದು. ಗಡಿಯಾರಗಳು ಕರಗಿ ಜೋತು ಬಿದ್ದಿರುವ ಚಿತ್ರ, 1931ರದ್ದು. ಪುಸ್ತಕಗಳಲ್ಲಿ ಅದು ಎಷ್ಟು ವಿಶಾಲವಾಗಿ ಕಾಣುತ್ತದೆ ಅಂದರೆ, ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೆ, ಅಂದರೆ ಮೋಮಾಗೆ ಹೋದವರು ಇಡೀ ಗೋಡೆ ತುಂಬಿರುವ ಚಿತ್ರವನ್ನು ಹುಡುಕುತ್ತಾರೆ. ನಿಜವಾದ ಅಳತೆ 24.1 × 33 ಸೆಂಟಿಮೀಟರ್. ಒಂದು ನೋಟ್‌ಬುಕ್ ಬಿಚ್ಚಿಟ್ಟಷ್ಟು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ದೂರದ ಸಮುದ್ರ ತೀರ, ಬೆಟ್ಟ, ಒಂದು ಗಡಿಯಾರದ ಮೇಲೆ ಮುತ್ತಿರುವ ಇರುವೆಗಳು. ನೋಡಬೇಕಾದರೆ ಬಗ್ಗಿ ಹತ್ತಿರ ಹೋಗಲೇಬೇಕು. ಹಾಗೆ ಬಗ್ಗಿದಾಗ ಅದು ನಿಮ್ಮೊಬ್ಬರಿಗೇ ಹೇಳುತ್ತಿರುವ ಗುಟ್ಟಿನ ಹಾಗೆ ಅನ್ನಿಸುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಪಿಕಾಸೊನ ‘ಗೆರ್ನಿಕಾ’. 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಊರಿನ ಮೇಲೆ ಬಾಂಬ್ ಬಿದ್ದ ಸುದ್ದಿ ಕೇಳಿ ಅವನು ಬಿಡಿಸಿದ ಚಿತ್ರ ಇದು. ಈಗ ಮ್ಯಾಡ್ರಿಡ್‌ನ ರೇನಾ ಸೋಫಿಯಾ ಮ್ಯೂಸಿಯಂನಲ್ಲಿದೆ. ಸುಮಾರು 3.5 ಮೀಟರ್ ಎತ್ತರ, 7.8 ಮೀಟರ್ ಅಗಲ. ಫೋನಿನಲ್ಲಿ ಅದು ಕಪ್ಪು ಬಿಳುಪಿನ ಗೋಜಲು ಚಿತ್ರ. ಎದುರಿಗೆ ನಿಂತರೆ ಸತ್ತ ಮಗುವನ್ನು ಎತ್ತಿಕೊಂಡು ಕೂಗುತ್ತಿರುವ ತಾಯಿ ನಮಗಿಂತ ದೊಡ್ಡವಳು, ಕುದುರೆ ನಮ್ಮ ತಲೆಯ ಮೇಲೆ ಕಿರುಚುತ್ತದೆ. ಒಂದೇ ನೋಟಕ್ಕೆ ಪೂರ್ತಿ ಸಿಗುವುದಿಲ್ಲ, ತಲೆ ತಿರುಗಿಸಿ ತಿರುಗಿಸಿ ನೋಡಬೇಕು. ಆ ಗಲಿಬಿಲಿ ಚಿತ್ರದ ಒಂದು ಭಾಗವೇ, ಪಿಕಾಸೊ ಅಷ್ಟು ದೊಡ್ಡದಾಗಿ ಮಾಡಿರುವುದರಿಂದಲೇ ಅದು ನಮಗೆ ಆಗುತ್ತದೆ.

ದೊಡ್ಡ ಚಿತ್ರ ಅಂದರೆ ದೂರ ನಿಂತು ನೋಡಬೇಕು ಅಂತ ಎಲ್ಲರೂ ಹಿಂದೆ ಸರಿಯುತ್ತಾರೆ. ಎಲ್ಲಾ ಕಡೆ ಅದು ಸರಿಯಲ್ಲ. ಬಾರ್ನೆಟ್ ನ್ಯೂಮನ್ ಅನ್ನುವ ಅಮೆರಿಕದ ಚಿತ್ರಕಾರನ ‘ವಿರ್ ಹೀರೋಯಿಕಸ್ ಸಬ್ಲಿಮಿಸ್’ 5.4 ಮೀಟರ್ ಅಗಲದ ಕೆಂಪು ಚಿತ್ರ, ನಡುನಡುವೆ ತೆಳ್ಳಗಿನ ಕೆಲವು ನೇರ ಪಟ್ಟಿಗಳು. 1951ರ ತನ್ನ ಪ್ರದರ್ಶನದಲ್ಲಿ ಅವನು ಒಂದು ಚೀಟಿ ಬರೆದು ಹಾಕಿದ್ದ. ದೊಡ್ಡ ಚಿತ್ರಗಳನ್ನು ದೂರದಿಂದ ನೋಡುವ ರೂಢಿ ಇದೆ, ಆದರೆ ಇವುಗಳನ್ನು ಹತ್ತಿರದಿಂದ ನೋಡಬೇಕು ಅಂತ ಮಾಡಿರುವುದು, ಅನ್ನುವ ಅರ್ಥದ ಚೀಟಿ. ಹತ್ತಿರ ಹೋದರೆ ಕೆಂಪಿನ ಅಂಚು ಎಲ್ಲಿದೆ ಅಂತಲೇ ಕಾಣುವುದಿಲ್ಲ. ಎಡಕ್ಕೆ ಕೆಂಪು, ಬಲಕ್ಕೆ ಕೆಂಪು, ನಾವು ಅದರೊಳಗೆ. ಬಣ್ಣದ ದೊಡ್ಡ ದೊಡ್ಡ ಆಯತಗಳನ್ನು ಬಿಡಿಸಿದ ಮಾರ್ಕ್ ರಾಥ್ಕೊನ ಚಿತ್ರಗಳ ಮುಂದೆಯೂ ಇದನ್ನು ಮಾಡಿ ನೋಡಿ. ಮೊದಲು ದೂರದಿಂದ, ಆಮೇಲೆ ನೆಲದ ಮೇಲೆ ಹಾಕಿರುವ ಗೆರೆ ದಾಟದಷ್ಟು ಹತ್ತಿರದಿಂದ.

ಪ್ಯಾರಿಸ್‌ನ ಒರಾಂಜರಿ ಮ್ಯೂಸಿಯಂನಲ್ಲಿ ಮೊನೆ ಇದನ್ನು ಇನ್ನೂ ಮುಂದಕ್ಕೆ ತೆಗೆದುಕೊಂಡು ಹೋದ. ಮೊಟ್ಟೆಯಾಕಾರದ ಎರಡು ಕೋಣೆಗಳು, ಎಂಟು ಚಿತ್ರಗಳು, ಎಲ್ಲದರಲ್ಲೂ ಅವನ ತೋಟದ ಕೊಳ ಮತ್ತು ನೈದಿಲೆ. ಎತ್ತರ 2 ಮೀಟರ್, ಎಲ್ಲಾ ಸೇರಿಸಿದರೆ ಉದ್ದ ಸುಮಾರು 90 ಮೀಟರ್. ಗೋಡೆಯೇ ಬಾಗಿರುವುದರಿಂದ ನಡುವೆ ನಿಂತರೆ ಸುತ್ತಲೂ ನೀರು. ಕಣ್ಣಿನ ಪೊರೆಯಿಂದ ಕಷ್ಟಪಡುತ್ತಾ, 1923ರಲ್ಲಿ ಆಪರೇಷನ್ ಮಾಡಿಸಿಕೊಂಡು ಮಾಡಿದ ಕೆಲಸ ಇದು. 1926ರ ಡಿಸೆಂಬರಿನಲ್ಲಿ ಮೊನೆ ತೀರಿಕೊಂಡ, 1927ರ ಮೇ ತಿಂಗಳಲ್ಲಿ ಕೋಣೆಗಳ ಬಾಗಿಲು ತೆರೆಯಿತು. ಅದನ್ನು ಜನ ನೋಡಿದ್ದನ್ನು ಅವನು ನೋಡಲಿಲ್ಲ.

ಒಂದು ಪುಟ್ಟ ಉದಾಹರಣೆಯನ್ನೂ ಹೇಳಬೇಕು, ನನಗೆ ತುಂಬಾ ಇಷ್ಟವಾದದ್ದು. ಮೆಕ್ಸಿಕೊದ ಚಿತ್ರಕಾರ್ತಿ ಫ್ರೀಡಾ ಕಾಲೋ 1937ರಲ್ಲಿ ತನ್ನ ಸಾಕು ಕೋತಿಯ ಜೊತೆಗಿನ ತನ್ನದೇ ಚಿತ್ರ ಬಿಡಿಸಿದಳು, ‘ಫುಲಾಂಗ್ ಚಾಂಗ್ ಮತ್ತು ನಾನು’. ಮುಂದೆ ಅದನ್ನು ಗೆಳತಿಗೆ ಕೊಡುವಾಗ ಜೊತೆಗೆ ಅದೇ ಥರದ ಚೌಕಟ್ಟಿನ ಒಂದು ಕನ್ನಡಿಯನ್ನೂ ಸೇರಿಸಿದಳು. ಚಿತ್ರದ ಪಕ್ಕದಲ್ಲಿ ಕನ್ನಡಿ ಇದ್ದರೆ ಗೆಳತಿ ಫ್ರೀಡಾಳ ಪಕ್ಕದಲ್ಲಿ ತನ್ನ ಮುಖವನ್ನೂ ನೋಡಬಹುದು. ಮೋಮಾದ ಸಂಗ್ರಹದಲ್ಲಿ ಈಗಲೂ ಎರಡೂ ಜೋಡಿಯಾಗಿವೆ. ಕನ್ನಡಿಯ ಫೋಟೊದಲ್ಲಿ ನಮ್ಮ ಮುಖ ಹೇಗೆ ಕಾಣಬೇಕು?

ಚಿತ್ರಕ್ಕೂ ಒಂದು ಮೈ ಇದೆ

ತೈಲವರ್ಣ ಅಂದರೆ ಬಣ್ಣದ ಪುಡಿಯನ್ನು ಎಣ್ಣೆಯಲ್ಲಿ, ಸಾಮಾನ್ಯವಾಗಿ ಅಗಸೆ ಎಣ್ಣೆಯಲ್ಲಿ ಅರೆದದ್ದು. ಇದು ಬಟ್ಟೆ ಒಣಗುವ ಹಾಗೆ ನೀರು ಆರಿ ಒಣಗುವುದಿಲ್ಲ. ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ದಪ್ಪ ಪದರ ಒಳಗೆಲ್ಲ ಗಟ್ಟಿಯಾಗಲು ತಿಂಗಳುಗಳು, ಕೆಲವು ಸಲ ವರ್ಷಗಳೇ ಬೇಕು. ಅದಕ್ಕೇ ದಪ್ಪವಾಗಿ ಹಚ್ಚಿದ ಬಣ್ಣದಲ್ಲಿ ಬ್ರಶ್ಶಿನ ಒಂದೊಂದು ಕೂದಲಿನ ಗೀರೂ ಹಾಗೇ ಉಳಿದುಬಿಡುತ್ತದೆ. ಹೀಗೆ ಉಬ್ಬಿ ನಿಲ್ಲುವಂತೆ ಹಚ್ಚುವುದಕ್ಕೆ ‘ಇಂಪ್ಯಾಸ್ಟೊ’ ಅನ್ನುತ್ತಾರೆ. ಇದರಲ್ಲಿ ವ್ಯಾನ್ ಗೋನ ಕೈಯನ್ನು ಯಾರೂ ಮರೆಯಲಾರರು.

‘ದಿ ಸ್ಟಾರಿ ನೈಟ್’ ಮುಂದೆ ಸ್ವಲ್ಪ ಪಕ್ಕಕ್ಕೆ ಸರಿದು, ಓರೆಯಾಗಿ ನೋಡಿ. ನಕ್ಷತ್ರಗಳು ಗೋಡೆಯಿಂದ ಮುಂದಕ್ಕೆ ಬಂದಿರುತ್ತವೆ. ಒಂದೊಂದು ಎಳೆಯ ಅಂಚಿನಲ್ಲೂ ಸಣ್ಣ ನೆರಳು. ಆ ನೆರಳು ಬಣ್ಣದಿಂದ ಬಿಡಿಸಿದ್ದಲ್ಲ, ಮೇಲಿನ ದೀಪದ ಬೆಳಕು ಉಬ್ಬಿದ ಬಣ್ಣಕ್ಕೆ ತಾಗಿ ಬಿದ್ದದ್ದು. ನಾವು ಸರಿದ ಹಾಗೆ ಹೊಳಪೂ ಸರಿಯುತ್ತದೆ. ಇನ್ನೂ ವಿಚಿತ್ರ ಅಂದರೆ ಎಳೆಗಳ ನಡುವೆ ಅಲ್ಲಲ್ಲಿ ಬಣ್ಣವೇ ಇಲ್ಲ, ಬರಿಯ ಕ್ಯಾನ್ವಾಸ್ ಕಾಣುತ್ತದೆ. ಎಷ್ಟು ವೇಗವಾಗಿ, ಎಷ್ಟು ಖಚಿತವಾಗಿ ಕೈ ಓಡಿದೆ ಅಂತ ಆ ಖಾಲಿ ಜಾಗಗಳೇ ಹೇಳುತ್ತವೆ. 1889ರ ಜೂನ್‌ನಲ್ಲಿ ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ, ಮಲಗುವ ಕೋಣೆಯ ಕಿಟಕಿಯಿಂದ ನೋಡಿದ್ದನ್ನು ಮನಸ್ಸಲ್ಲಿಟ್ಟುಕೊಂಡು, ಕೆಳಗಿನ ಕೋಣೆಯಲ್ಲಿ ಹಗಲಿನಲ್ಲಿ ಬಿಡಿಸಿದ ರಾತ್ರಿ ಅದು.

ಅವನದೇ ‘ಆಲಿವ್ ಮರಗಳು’ ಅನ್ನುವ ಇನ್ನೊಂದು ಚಿತ್ರ ಅಮೆರಿಕದ ಕ್ಯಾನ್ಸಸ್ ಸಿಟಿಯ ನೆಲ್ಸನ್ ಆಟ್ಕಿನ್ಸ್ ಮ್ಯೂಸಿಯಂನಲ್ಲಿದೆ. 2017ರಲ್ಲಿ ಅಲ್ಲಿನ ತಜ್ಞರು ಅದನ್ನು ಪರೀಕ್ಷಿಸುವಾಗ ಬಣ್ಣದೊಳಗೆ ಒಂದು ಮಿಡತೆಯ ಚೂರು ಸಿಕ್ಕಿತು. ಅವನು ಹೊರಗೆ, ಗಾಳಿಯಲ್ಲಿ, ಹುಲ್ಲಿನ ಮಧ್ಯೆ ಕೆಲಸ ಮಾಡಿದ್ದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾ! ಜಾಕ್ಸನ್ ಪೊಲಾಕ್‌ನ 1947ರ ‘ಫುಲ್ ಫ್ಯಾದಮ್ ಫೈವ್’ ಚಿತ್ರದಲ್ಲಂತೂ ಬಣ್ಣದ ನಡುವೆ ಮೊಳೆ, ಗುಂಡಿ, ಬೀಗದ ಕೈ, ಸಿಗರೇಟಿನ ತುಂಡು ಎಲ್ಲಾ ಅಂಟಿಕೊಂಡಿವೆ. ಫೋಟೊದಲ್ಲಿ ಅವು ಬರೀ ಕಲೆಗಳಂತೆ ಕಾಣುತ್ತವೆ.

ಫ್ರೆಂಚ್ ಚಿತ್ರಕಾರ ಮಾತೀಸ್‌ನ ‘ದಿ ರೆಡ್ ಸ್ಟುಡಿಯೊ’, 1911ರದ್ದು, ಇದಕ್ಕಿಂತ ಮೆಲುದನಿಯ ಚಿತ್ರ. ಇಡೀ ಕೋಣೆ ಕೆಂಪು. ಮೇಜು, ಕುರ್ಚಿ, ಗಡಿಯಾರ ಎಲ್ಲವೂ ತೆಳು ಗೆರೆಗಳಲ್ಲಿವೆ. ಫೋಟೊ ನೋಡಿದವರಿಗೆ ಕೆಂಪಿನ ಮೇಲೆ ಗೆರೆ ಎಳೆದಿದ್ದಾನೆ ಅನ್ನಿಸುತ್ತದೆ. ಹತ್ತಿರ ಹೋಗಿ ನೋಡಿದರೆ ಗೆರೆಗಳು ಒಳಕ್ಕೆ ಇವೆ. ಮೊದಲು ಬೇರೆ ಬಣ್ಣಗಳಲ್ಲಿ ಕೋಣೆಯನ್ನು ಬಿಡಿಸಿ, ಆಮೇಲೆ ಮೇಲಿಂದ ಕೆಂಪು ಹಚ್ಚುತ್ತಾ ಹೋಗಿ, ಗೆರೆಯಷ್ಟು ಜಾಗ ಮಾತ್ರ ಬಿಟ್ಟಿದ್ದಾನೆ. ಆ ಸಂದಿಯಲ್ಲಿ ಇಣುಕುವುದು ಕೆಳಗಿನ ಹಳೆಯ ಚಿತ್ರ. ಇದು ಗೊತ್ತಾದ ಕ್ಷಣದಲ್ಲಿ ನೋಡುವ ರೀತಿಯೇ ಬದಲಾಗುತ್ತದೆ.

ಮಾಂಡ್ರಿಯನ್‌ನ ಕೆಂಪು, ಹಳದಿ, ನೀಲಿ ಚೌಕಗಳೂ ಹೀಗೇ. ಪುಸ್ತಕದಲ್ಲಿ ಸ್ಕೇಲ್ ಇಟ್ಟು ಮೆಷಿನ್ನಿನಲ್ಲಿ ಮುದ್ರಿಸಿದಂತೆ ಕಾಣುತ್ತವೆ. ಎದುರಿಗೆ ನೋಡಿದರೆ ಬಿಳಿಯಲ್ಲೇ ಹಲವು ಬಿಳಿ, ಬ್ರಶ್ ಒಂದು ಕಡೆ ಅಡ್ಡ, ಒಂದು ಕಡೆ ಉದ್ದ ಓಡಿರುತ್ತದೆ, ತಿದ್ದಿದ ಗುರುತು ಇರುತ್ತದೆ. ಒಬ್ಬ ಮನುಷ್ಯ ಗೆರೆಯನ್ನು ಒಂದಿಷ್ಟು ಆಚೆ ಈಚೆ ಸರಿಸುತ್ತಾ ಬಹಳ ಹೊತ್ತು ಯೋಚಿಸಿದ್ದು ಕಾಣುತ್ತದೆ. ಮಾಸ್ಕೊದ ಟ್ರೆಟ್ಯಾಕೊವ್ ಗ್ಯಾಲರಿಯಲ್ಲಿರುವ ಮಲೇವಿಚ್‌ನ 1915ರ ‘ಕಪ್ಪು ಚೌಕ’ ಈಗ ತುಂಬಾ ಬಿರುಕು ಬಿಟ್ಟಿದೆ, ಬಿರುಕುಗಳಲ್ಲಿ ಕೆಳಗಿನ ಬಣ್ಣಗಳು ಕಾಣುತ್ತವೆ.

ಬಣ್ಣ ಯಾಕೆ ಬೇರೆಯಾಗಿ ಕಾಣುತ್ತದೆ?

ಸ್ಕ್ರೀನ್ ಅನ್ನುವುದು ಒಂದು ದೀಪ. ಕೆಂಪು, ಹಸಿರು, ನೀಲಿ ಅನ್ನುವ ಮೂರು ಬೆಳಕುಗಳನ್ನು ಬೆರೆಸಿ ಅದು ಬಣ್ಣ ತೋರಿಸುತ್ತದೆ. ಚಿತ್ರ ದೀಪವಲ್ಲ. ಕೋಣೆಯ ಬೆಳಕು ಅದರ ಮೇಲೆ ಬಿದ್ದು, ಬಣ್ಣದ ಕಣಗಳ ಮಧ್ಯೆ ಹೋಗಿ, ಒಂದಿಷ್ಟು ಹೀರಿಕೊಂಡು, ಉಳಿದದ್ದು ನಮ್ಮ ಕಣ್ಣಿಗೆ ವಾಪಸ್ ಬರುತ್ತದೆ. ಆದ್ದರಿಂದ ಹೊಳಪು, ಮಂಕು, ಆಳ ಎಲ್ಲವೂ ಆ ಪದರ ಹೇಗಿದೆ ಅನ್ನುವುದರ ಮೇಲೆ ನಿಂತಿದೆ.

ಈವ್ ಕ್ಲೈನ್ ಅನ್ನುವ ಫ್ರೆಂಚ್ ಕಲಾವಿದನಿಗೆ ಇದೇ ಒಂದು ಹಟವಾಯಿತು. ಅಲ್ಟ್ರಾಮರೀನ್ ನೀಲಿ ಪುಡಿಯಾಗಿ ಇದ್ದಾಗ ಮಖಮಲ್ಲಿನ ಹಾಗೆ ಕಾಣುತ್ತದೆ, ಎಣ್ಣೆ ಸೇರಿಸಿದ ಕೂಡಲೇ ಆ ಮಾಯೆ ಹೋಗುತ್ತದೆ. ಪ್ಯಾರಿಸ್‌ನ ಒಬ್ಬ ಬಣ್ಣದ ವ್ಯಾಪಾರಿಯ ನೆರವಿನಿಂದ ಅವನು ಪುಡಿಯನ್ನು ಒಂದು ಕೃತಕ ಅಂಟಿನಲ್ಲಿ ಕೂರಿಸಿದ. ಪುಡಿಯ ಹೊಳಪು ಹಾಗೇ ಉಳಿಯಿತು. ಅವನ ನೀಲಿ ಚಿತ್ರಗಳಲ್ಲಿ ನೀಲಿ ಬಿಟ್ಟರೆ ಏನೂ ಇಲ್ಲ. ಫೋನಿನಲ್ಲಿ ಅದು ಒಂದು ನೀಲಿ ಆಯತ. ಎದುರಿಗೆ ನಿಂತರೆ ಆ ನೀಲಿ ಎಲ್ಲಿ ಶುರು, ಎಷ್ಟು ಆಳ ಅಂತ ಕಣ್ಣಿಗೆ ಲೆಕ್ಕವೇ ಸಿಗುವುದಿಲ್ಲ.

ಕ್ಲಿಮ್ಟ್‌ನ ‘ದಿ ಕಿಸ್’ ಇನ್ನೊಂದು ಥರ. ವಿಯೆನ್ನಾದ ಬೆಲ್ವೆಡೇರ್ ಮ್ಯೂಸಿಯಂನಲ್ಲಿರುವ ಈ 180 ಸೆಂಟಿಮೀಟರ್ ಚೌಕದ ಚಿತ್ರಕ್ಕೆ ನಿಜವಾದ ಚಿನ್ನದ ತಗಡು ಬಳಸಿದ್ದಾನೆ. ಫೋಟೊದಲ್ಲಿ ಚಿನ್ನ ಅಂದರೆ ಕಂದು ಮಿಶ್ರಿತ ಹಳದಿ. ಗೋಡೆಯ ಮೇಲೆ ಅದು ನಾವು ನಡೆದ ಹಾಗೆ ಹೊತ್ತಿಕೊಳ್ಳುತ್ತದೆ, ಆರುತ್ತದೆ.

ಒಂದು ವಿಷಯ ನೆನಪಿಡಿ. ಎದುರಿಗೆ ಕಾಣುವ ಬಣ್ಣವೂ ಕಲಾವಿದ ಹಚ್ಚಿದ ದಿನದ ಬಣ್ಣ ಆಗಿರಬೇಕು ಅಂತಿಲ್ಲ. ವ್ಯಾನ್ ಗೋ 1888ರಲ್ಲಿ ಬಿಡಿಸಿದ ತನ್ನ ಮಲಗುವ ಕೋಣೆಯ ಗೋಡೆ ಈಗ ನೀಲಿ. ತಮ್ಮನಿಗೆ ಬರೆದ ಪತ್ರದಲ್ಲಿ ಅವನು ಹೇಳಿದ್ದು ತಿಳಿ ನೇರಳೆ ಅಂತ. ನೇರಳೆಯಲ್ಲಿದ್ದ ಕೆಂಪು ಬೆಳಕಿಗೆ ಮಾಸಿ ಹೋಗಿ ನೀಲಿ ಮಾತ್ರ ಉಳಿದಿದೆ. ಶಿಕಾಗೊದಲ್ಲಿರುವ ಫ್ರೆಂಚ್ ಚಿತ್ರಕಾರ ಸೆರಾನ ‘ಲಾ ಗ್ರಾಂಡ್ ಜಾಟ್’ ಚಿತ್ರದಲ್ಲಿ ಲೆಕ್ಕವಿಲ್ಲದಷ್ಟು ಚುಕ್ಕೆಗಳಿವೆ. ದೂರದಿಂದ ನೋಡಿದಾಗ ಚುಕ್ಕೆಗಳು ಕಣ್ಣಿನಲ್ಲೇ ಬೆರೆಯಲಿ ಅನ್ನುವುದು ಅವನ ಯೋಚನೆ. ಆದರೆ ಅವನು ಬಳಸಿದ ಒಂದು ಹಳದಿ ಕೆಲವೇ ವರ್ಷಗಳಲ್ಲಿ ಕಂದಾಯಿತು. ಹುಲ್ಲಿನ ಮೇಲಿನ ಬಿಸಿಲು ಅವನು ಅಂದುಕೊಂಡಿದ್ದಕ್ಕಿಂತ ಈಗ ಮಂಕು.

ಸುಮ್ನೆ ನಿಂತರೆ ಏನಾಗುತ್ತದೆ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಚಿತ್ರವನ್ನು ಎಷ್ಟು ಹೊತ್ತು ನೋಡುತ್ತಾರೆ ಅಂತ ಅಳೆದಿದ್ದಾರೆ. 2001ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಸರಾಸರಿ 27 ಸೆಕೆಂಡು. ಅರ್ಧದಷ್ಟು ಸಲ 17 ಸೆಕೆಂಡಿನ ಒಳಗೇ ಮುಂದೆ ಹೋಗಿದ್ದಾರೆ. ಅವು ಮ್ಯೂಸಿಯಂನ ಅತಿ ಒಳ್ಳೆಯ ಚಿತ್ರಗಳೇ ಆಗಿದ್ದವು.

ಇದು ಯಾಕೆ ಮುಖ್ಯ ಅಂತ ತಿಳಿಯಲು ಆ್ಯಡ್ ರೈನ್‌ಹಾರ್ಟ್‌ನ ಕಪ್ಪು ಚಿತ್ರಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1960ರಿಂದ 1967ರಲ್ಲಿ ತೀರಿಕೊಳ್ಳುವವರೆಗೂ ಅವನು ಒಂದೇ ಅಳತೆಯ ಕಪ್ಪು ಚಿತ್ರಗಳನ್ನು ಮಾಡಿದ. 5 ಅಡಿ ಎತ್ತರ, 5 ಅಡಿ ಅಗಲ. ಕೋಣೆಗೆ ಬಂದವರು ನೋಡುತ್ತಾರೆ, ಬರೀ ಕಪ್ಪು, ಹೋಗಿಬಿಡುತ್ತಾರೆ. ನಿಲ್ಲಿ. ಮೊದಲ ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಒಂದು ಮೂಲೆ ಕೊಂಚ ಕೆಂಪಗಿರಬಹುದಾ ಅನ್ನಿಸುತ್ತದೆ. ಮತ್ತೆ ಸ್ವಲ್ಪ ಹೊತ್ತಿಗೆ ನಡುವಿನ ಅಡ್ಡ ಪಟ್ಟಿ ಬೇರೆ ಕಪ್ಪು, ಅದರಲ್ಲಿ ಹಸಿರಿನ ಛಾಯೆ ಇದೆ. ಇನ್ನೂ ನಿಂತರೆ ಒಂಬತ್ತು ಸಮ ಚೌಕಗಳು, ನಡುವೆ ಅಡ್ಡ ಉದ್ದ ಸೇರಿದ ಒಂದು ದೊಡ್ಡ ಕೂಡುಗುರುತು ಮೆಲ್ಲಗೆ ಮೇಲೆ ಬರುತ್ತದೆ. ಕಪ್ಪಿಗೆ ಅತಿ ಸ್ವಲ್ಪ ಕೆಂಪು, ನೀಲಿ, ಹಸಿರು ಬೆರೆಸಿ ಅವನು ಇದನ್ನು ಮಾಡಿದ್ದು. ಹೊಳಪು ಬರಬಾರದು ಅಂತ ಬಣ್ಣದಿಂದ ಎಣ್ಣೆಯನ್ನೂ ತೆಗೆಯುತ್ತಿದ್ದ.

ಸಿನಿಮಾ ಶುರುವಾದ ಮೇಲೆ ಥಿಯೇಟರ್ ಒಳಗೆ ಹೋದರೆ ಮೊದಲು ಸೀಟೇ ಕಾಣುವುದಿಲ್ಲ, ಸ್ವಲ್ಪ ಹೊತ್ತಿಗೆ ಪಕ್ಕದವರ ಮುಖವೂ ಕಾಣುತ್ತದೆ ಅಲ್ವಾ, ಇಲ್ಲಿ ಆಗುವುದೂ ಅದೇ. ಕಣ್ಣು ಮಬ್ಬಿಗೆ ಹೊಂದಿಕೊಳ್ಳಲು ನಿಮಿಷಗಳು ಬೇಕು. ಹೊಂದಿಕೊಂಡ ಮೇಲೆ ಸಣ್ಣ ವ್ಯತ್ಯಾಸಗಳೂ ಸಿಗುತ್ತವೆ. ರೈನ್‌ಹಾರ್ಟ್ ಕಣ್ಣಿನ ಈ ನಿಧಾನವನ್ನೇ ತನ್ನ ಸಾಮಗ್ರಿ ಮಾಡಿಕೊಂಡ. ಈ ಚಿತ್ರದ ಫೋಟೊ ತೆಗೆದರೆ ಒಂದೋ ಪೂರ್ತಿ ಕಪ್ಪಾಗಿ ಬರುತ್ತದೆ, ಇಲ್ಲವೇ ಬೆಳಕು ಜಾಸ್ತಿ ಮಾಡಿದರೆ ಕೂಡುಗುರುತು ಮೊದಲೇ ಕಂಡುಬಿಡುತ್ತದೆ. ಎರಡೂ ಆ ಚಿತ್ರವಲ್ಲ.

ಬೇರೆ ಚಿತ್ರಗಳಲ್ಲೂ ಸಮಯ ಇದೇ ಥರ ಕೆಲಸ ಮಾಡುತ್ತದೆ. ಓಸ್ಲೋದ ನ್ಯಾಷನಲ್ ಮ್ಯೂಸಿಯಂನಲ್ಲಿರುವ ಮುಂಕ್‌ನ 1893ರ ‘ದಿ ಸ್ಕ್ರೀಮ್’ ಚಿತ್ರದ ಎಡ ಮೇಲ್ತುದಿಯಲ್ಲಿ ಪೆನ್ಸಿಲಿನ ಸಣ್ಣ ಬರಹ ಇದೆ. ‘ಹುಚ್ಚ ಮಾತ್ರ ಇದನ್ನು ಬಿಡಿಸಿರಬಲ್ಲ’ ಅನ್ನುವುದು ಅದರ ಅರ್ಥ. ಯಾರೋ ನೋಡಲು ಬಂದವರು ಬರೆದದ್ದು ಅಂತ ಬಹಳ ಕಾಲ ಹೇಳುತ್ತಿದ್ದರು. 2021ರಲ್ಲಿ ಮ್ಯೂಸಿಯಂನವರು ಅಕ್ಷರಗಳನ್ನು ಪರೀಕ್ಷಿಸಿ, ಅದು ಮುಂಕ್‌ನದೇ ಕೈಬರಹ ಅಂತ ಹೇಳಿದರು.

‘ಇದನ್ನು ಚಿಕ್ಕ ಮಕ್ಕಳೂ ಬಿಡಿಸುತ್ತಾರೆ’

ಈ ಮಾತು ಯಾವ ಮಾಡರ್ನ್ ಗ್ಯಾಲರಿಯಲ್ಲೂ ಕೇಳಿಬರುತ್ತದೆ. ಹಾಗೆ ಅನ್ನಿಸುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ತಿಳಿದವರಿಗೂ ಗೊಂದಲ ಆಗಿದೆ. 1961ರಲ್ಲಿ ಮೋಮಾದಲ್ಲಿ ಮಾತೀಸ್‌ನ ‘ಲೆ ಬಾತೋ’ ಅನ್ನುವ ಕಾಗದ ಕತ್ತರಿಸಿ ಮಾಡಿದ ಚಿತ್ರ 47 ದಿನ ತಲೆಕೆಳಗಾಗಿ ನೇತಾಡಿತ್ತು, ಕೊನೆಗೆ ಗಮನಿಸಿದ್ದು ನೋಡಲು ಬಂದ ಒಬ್ಬ ಹೆಂಗಸು. ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿರುವ ಮಾಂಡ್ರಿಯನ್‌ನ ‘ನ್ಯೂಯಾರ್ಕ್ ಸಿಟಿ 1’ ದಶಕಗಳಿಂದ ತಲೆಕೆಳಗಾಗಿ ಇದ್ದಿರಬೇಕು ಅಂತ 2022ರಲ್ಲಿ ಹೊರಬಂತು. ಬಣ್ಣದ ಟೇಪ್ ಅಂಟಿಸಿ ಮಾಡಿದ ಚಿತ್ರ ಅದು. ಈಗ ತಿರುಗಿಸಿದರೆ ಹಳೆಯ ಟೇಪ್ ಕಿತ್ತು ಬರಬಹುದು ಅಂತ ಹಾಗೇ ಬಿಟ್ಟಿದ್ದಾರೆ.

ಆದ್ದರಿಂದ ‘ಅರ್ಥ ಏನು’ ಅನ್ನುವುದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ‘ಇದನ್ನು ಹೇಗೆ ಮಾಡಿದ್ದಾರೆ’ ಅಂತ ಕೇಳಿಕೊಳ್ಳಿ. ಮೊದಲು ಯಾವ ಬಣ್ಣ ಬಿತ್ತು, ಮೇಲೆ ಯಾವುದು? ಅಂಚಿನಲ್ಲಿ ಬಣ್ಣ ನಿಂತಿದೆಯಾ, ಪಕ್ಕಕ್ಕೂ ಸುತ್ತಿದೆಯಾ? ಕೈ ಮಾತ್ರ ಆಡಿದೆಯಾ, ಇಡೀ ತೋಳು ಬೀಸಿದೆಯಾ? ಪೊಲಾಕ್ ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿ ಸುತ್ತಲೂ ನಡೆಯುತ್ತಾ ಬಣ್ಣ ಸುರಿಯುತ್ತಿದ್ದ. ಅದು ಗೊತ್ತಿದ್ದರೆ ಐದು ಮೀಟರ್ ಅಗಲದ ಅವನ ಚಿತ್ರದಲ್ಲಿ ಅವನ ನಡಿಗೆ ಕಾಣುತ್ತದೆ. ಇಷ್ಟೆಲ್ಲಾ ನೋಡಿದ ಮೇಲೂ ಇಷ್ಟವಾಗದಿದ್ದರೆ ಪರವಾಗಿಲ್ಲ. ಮುಂದಿನ ಚಿತ್ರಕ್ಕೆ ಹೋಗಿ.

ಪಕ್ಕದ ಚೀಟಿಯಲ್ಲಿ ಏನಿರುತ್ತದೆ

ಚಿತ್ರದ ಪಕ್ಕದ ಲೇಬಲ್‌ನಲ್ಲಿ ಕಲಾವಿದರ ಹೆಸರು, ಚಿತ್ರದ ಹೆಸರು, ವರ್ಷ, ಯಾವುದರಿಂದ ಮಾಡಿದ್ದು, ಯಾರಿಂದ ಬಂತು ಅಂತ ಇರುತ್ತದೆ. ‘ಆಯಿಲ್ ಆನ್ ಕ್ಯಾನ್ವಾಸ್’ ಅಂದರೆ ಬಟ್ಟೆಯ ಮೇಲೆ ತೈಲವರ್ಣ. ಈ ಸಾಲನ್ನು ಬಿಡಬೇಡಿ, ‘ದಿ ಸ್ಕ್ರೀಮ್’ ರಟ್ಟಿನ ಮೇಲೆ ಬಿಡಿಸಿದ್ದು ಅಂತ ಗೊತ್ತಾಗುವುದು ಇಲ್ಲೇ. ಪ್ರತಿ ಕೃತಿಗೂ ಒಂದು ದಾಖಲೆ ಸಂಖ್ಯೆಯೂ ಇರುತ್ತದೆ, ಕೆಲವು ಕಡೆ ಲೇಬಲ್‌ನಲ್ಲಿ, ಕೆಲವು ಕಡೆ ವೆಬ್‌ಸೈಟಿನಲ್ಲಿ. ‘ದಿ ಸ್ಟಾರಿ ನೈಟ್’ ಸಂಖ್ಯೆ 472.1941. ಮೋಮಾಗೆ ಅದು 1941ರಲ್ಲಿ ಬಂತು ಅಂತ ಅಷ್ಟರಲ್ಲೇ ತಿಳಿಯುತ್ತದೆ. ವಿವರಣೆಯ ದೊಡ್ಡ ಬರಹ ಇದ್ದರೆ ಅದನ್ನು ಚಿತ್ರ ನೋಡಿದ ಮೇಲೆ ಓದುವುದು ಒಳ್ಳೆಯದು. ಮೊದಲೇ ಓದಿದರೆ ಅಲ್ಲಿ ಹೇಳಿದ್ದನ್ನು ಮಾತ್ರ ಕಣ್ಣು ಹುಡುಕುತ್ತದೆ.

ಇಷ್ಟೊಂದು ನಿಯಮ ಯಾಕೆ?

ಮುಟ್ಟಬಾರದು ಅನ್ನುವುದಕ್ಕೆ ಕಾರಣ ನಮ್ಮ ಚರ್ಮದ ಎಣ್ಣೆ ಮತ್ತು ಬೆವರು. ಒಂದು ಬೆರಳಿನ ಗುರುತು ರೈನ್‌ಹಾರ್ಟ್‌ನಂಥ ಮಂಕು ಚಿತ್ರದ ಮೇಲೆ ಹೊಳೆಯುವ ಕಲೆಯಾಗಿ ನಿಂತುಬಿಡುತ್ತದೆ, ಒರೆಸಿ ತೆಗೆಯಲಾಗುವುದಿಲ್ಲ. ದೊಡ್ಡ ಬ್ಯಾಗ್ ಬೆನ್ನಿಗೆ ಹಾಕಿಕೊಳ್ಳಬೇಡಿ ಅನ್ನುವುದೂ ಇದಕ್ಕೇ, ತಿರುಗುವಾಗ ಬೆನ್ನಿನ ಹಿಂದೆ ಏನಿದೆ ಅಂತ ನಮಗೆ ಗೊತ್ತಾಗುವುದಿಲ್ಲ.

ಕೆಲವು ಕೋಣೆಗಳು ಮಬ್ಬಾಗಿರುತ್ತವೆ. ಬೆಳಕು ಬಣ್ಣವನ್ನು ಮಾಸಿಸುತ್ತದೆ, ಆ ಹಾನಿ ದಿನದಿಂದ ದಿನಕ್ಕೆ ಸೇರುತ್ತಾ ಹೋಗುತ್ತದೆ, ವಾಪಸ್ ಬರುವುದಿಲ್ಲ. ಬೆಳಕನ್ನು ಲಕ್ಸ್ ಅನ್ನುವ ಲೆಕ್ಕದಲ್ಲಿ ಅಳೆಯುತ್ತಾರೆ. ನೇರ ಬಿಸಿಲು ಸುಮಾರು 1,00,000 ಲಕ್ಸ್. ತೈಲವರ್ಣಕ್ಕೆ ರೂಢಿಯಲ್ಲಿ 200 ಲಕ್ಸ್ ಆಸುಪಾಸು, ಕಾಗದದ ಮೇಲಿನ ಚಿತ್ರಗಳಿಗೆ 50 ಮಾತ್ರ. ಕಾಗದದವನ್ನು ಕೆಲವು ತಿಂಗಳು ತೋರಿಸಿ ಆಮೇಲೆ ಕತ್ತಲಲ್ಲಿ ಇಡುತ್ತಾರೆ.

ಗಾಜಿನ ಹಿಂದೆ ಇರುವ ಚಿತ್ರ ನೋಡಿ ಬೇಜಾರಾಗುವುದು ಸಹಜ. 2022ರ ಅಕ್ಟೋಬರ್‌ನಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಪ್ರತಿಭಟನೆಗೆ ಬಂದವರು ವ್ಯಾನ್ ಗೋನ ‘ಸೂರ್ಯಕಾಂತಿ’ ಮೇಲೆ ಟೊಮೆಟೊ ಸೂಪ್ ಎರಚಿದಾಗ ಚಿತ್ರವನ್ನು ಉಳಿಸಿದ್ದು ಆ ಗಾಜೇ.

ಹೋಗುವ ಮೊದಲು, ಹೋದ ಮೇಲೆ

ನೋಡಬೇಕಾದ ಚಿತ್ರ ಈಗ ಗೋಡೆಯ ಮೇಲೆ ಇದೆಯಾ ಅಂತ ಮ್ಯೂಸಿಯಂ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಚಿತ್ರಗಳು ಬೇರೆ ಮ್ಯೂಸಿಯಂಗಳಿಗೆ ಸಾಲವಾಗಿ ಹೋಗುತ್ತವೆ, ದುರಸ್ತಿಗೆ ಹೋಗುತ್ತವೆ. ಇಡೀ ಕಟ್ಟಡವೇ ಮುಚ್ಚುವುದೂ ಉಂಟು, ಪ್ಯಾರಿಸ್‌ನ ಪಾಂಪಿದು ಸೆಂಟರ್ 2025ರಲ್ಲಿ ಕೆಲವು ವರ್ಷಗಳ ದುರಸ್ತಿಗೆ ಮುಚ್ಚಿತು. ಕೆಲವು ಮಾತ್ರ ಎಲ್ಲಿಗೂ ಹೋಗುವುದಿಲ್ಲ. ‘ಲಾ ಗ್ರಾಂಡ್ ಜಾಟ್’ 1958ರಲ್ಲಿ ಮೋಮಾಗೆ ಸಾಲ ಹೋಗಿದ್ದಾಗ ಅಲ್ಲಿ ಬೆಂಕಿ ಬಿದ್ದು ಮೊನೆಯ ಒಂದು ದೊಡ್ಡ ನೈದಿಲೆ ಚಿತ್ರ ಸುಟ್ಟುಹೋಯಿತು. ಸೆರಾನ ಚಿತ್ರ ಉಳಿಯಿತು. ಅಂದಿನಿಂದ ಶಿಕಾಗೊದವರು ಅದನ್ನು ಹೊರಗೆ ಕಳಿಸಿಲ್ಲ.

ಹೆಸರನ್ನೂ ಸರಿಯಾಗಿ ನೋಡಿ. ‘ದಿ ಸ್ಟಾರಿ ನೈಟ್’ ನ್ಯೂಯಾರ್ಕಿನಲ್ಲಿದೆ, ‘ಸ್ಟಾರಿ ನೈಟ್ ಓವರ್ ದ ರೋನ್’ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನದ್ದು. ‘ಸೂರ್ಯಕಾಂತಿ’ ಹಲವು ಇವೆ, ‘ದಿ ಸ್ಕ್ರೀಮ್’ ಕೂಡ ಒಂದಲ್ಲ.

ಮ್ಯೂಸಿಯಂ ಸುಸ್ತು ಅನ್ನುವುದು ನಿಜವಾದ ಸುಸ್ತು. 1916ರಷ್ಟು ಹಿಂದೆಯೇ ಇದರ ಬಗ್ಗೆ ಲೇಖನ ಬಂದಿದೆ. ನಡಿಗೆಗಿಂತ ನಿಲ್ಲುವುದು, ಬಗ್ಗುವುದು, ಪದೇ ಪದೇ ಹೊಸದನ್ನು ಗಮನಿಸುವುದು ದಣಿಸುತ್ತದೆ. ಮೊದಲ ಸಲ ಹೋದಾಗ ನಾನು ಎಲ್ಲಾ ಕೋಣೆಗಳನ್ನೂ ಮುಗಿಸಬೇಕು ಅಂತ ಓಡಾಡಿದೆ, ಸಂಜೆ ಹೊತ್ತಿಗೆ ಯಾವ ಚಿತ್ರ ಎಲ್ಲಿತ್ತು ಅನ್ನುವುದೇ ಕಲಸಿಹೋಗಿತ್ತು. ಈಗ ಮೊದಲು ಒಂದು ಸುತ್ತು ಬೇಗ ನಡೆದುಬಿಡುತ್ತೇನೆ. ಕಾಲು ತಾನಾಗೇ ನಿಧಾನವಾದ ನಾಲ್ಕೈದು ಚಿತ್ರಗಳನ್ನು ನೆನಪಿಟ್ಟುಕೊಂಡು, ಎರಡನೇ ಸುತ್ತಿನಲ್ಲಿ ಅವುಗಳ ಮುಂದೆ ಮಾತ್ರ ನಿಲ್ಲುತ್ತೇನೆ. ಒಂದೊಂದಕ್ಕೆ ಹತ್ತು ನಿಮಿಷ. ಫೋಟೊ ತೆಗೆಯುವುದಿದ್ದರೆ ಆ ಹತ್ತು ನಿಮಿಷ ಆದ ಮೇಲೆ.

ತುಂಬಾ ಹೆಸರಾದ ಚಿತ್ರದ ಮುಂದೆ ಜನ ಜಾಸ್ತಿ ಇದ್ದರೆ ಪಕ್ಕದ ಗೋಡೆಯಿಂದ ಶುರುಮಾಡಿ. ಅದೇ ಕಲಾವಿದ ಅದರ ಹಿಂದೆ ಮುಂದೆ ಮಾಡಿದ ಚಿತ್ರಗಳು ಎಷ್ಟೋ ಸಲ ಅಲ್ಲೇ ಇರುತ್ತವೆ, ಅವುಗಳ ಮುಂದೆ ಯಾರೂ ಇರುವುದಿಲ್ಲ. ಹೆಸರಾದ ಚಿತ್ರವನ್ನು ಕೊನೆಗೆ ಇಟ್ಟುಕೊಳ್ಳಿ. ಮುಚ್ಚುವುದಕ್ಕೆ ಅರ್ಧ ಗಂಟೆ ಇರುವಾಗ ಜನ ಬಾಗಿಲ ಕಡೆ ಹೊರಡುತ್ತಾರೆ. ಬೆಳಿಗ್ಗೆ ಮೂರು ಸಾಲಿನ ಹಿಂದೆ ನಿಂತು ಇಣುಕಿದ ಚಿತ್ರದ ಮುಂದೆ ಆಗ ನಾಲ್ಕು ಜನ ಇದ್ದರೆ ಹೆಚ್ಚು. ಮುಂದೆ ಹೋಗಬಹುದು, ಓರೆಯಾಗಿ ನಿಂತು ನಕ್ಷತ್ರದ ನೆರಳು ನೋಡಬಹುದು, ಹಿಂದೆ ಬಂದು ಬೆಂಚಿನ ಮೇಲೆ ಕೂರಬಹುದು. ಕಾವಲಿನವರು ಬಂದು ಹೊತ್ತಾಯಿತು ಅನ್ನುವವರೆಗೂ ಅಲ್ಲೇ ಇರಬಹುದು.